ಮಾತು, ಲೆಕ್ಕ, ಪತ್ತು: ನಂಬಿಕೆಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಗದಗ ಮುದ್ರಣಕ್ಕೆ ಹೆಸರಾದ ಊರು. ಇಲ್ಲಿ 26 ವರ್ಷಗಳಿಂದ ನನ್ನದೊಂದು ಸಣ್ಣ ಪ್ರೆಸ್ ಇದೆ. ಲಗ್ನಪತ್ರಿಕೆ, ಬಿಲ್ ಬುಕ್, ಶಾಲೆಯ ನೋಟ್‌ಬುಕ್, ಜಾತ್ರೆಯ ಹ್ಯಾಂಡ್‌ಬಿಲ್ ಅಚ್ಚು ಹಾಕುತ್ತೇವೆ. ನನ್ನನ್ನೂ ಸೇರಿಸಿ 9 ಜನ. ಹೊಸದಾಗಿ ಅಂಗಡಿ, ವರ್ಕ್‌ಶಾಪ್ ಹಾಕಿದ ಹುಡುಗರು, ಸಂಘ ನಡೆಸುವ ಹೆಣ್ಣುಮಕ್ಕಳು ಸಂಜೆ ಹೊತ್ತು ಬಂದು ಕೂರುತ್ತಾರೆ. ದೂರದವರು ಪತ್ರ ಬರೆಯುತ್ತಾರೆ, ಫೋನ್ ಮಾಡುತ್ತಾರೆ. ಕೇಳುವುದು ಹೆಚ್ಚುಕಡಿಮೆ ಒಂದೇ: ಜನ ನಮ್ಮನ್ನು ನಂಬಬೇಕಾದರೆ ಏನು ಮಾಡಬೇಕು? ಅವರು ಕೇಳಿದ ಮಾತಿನಲ್ಲೇ ಪ್ರಶ್ನೆಗಳನ್ನು ಇಟ್ಟಿದ್ದೇನೆ.

## ಮೊದಲ ಪ್ರಶ್ನೆಗಳು

ಸರ್, ಈ ‘ಅಥೆಂಟಿಕ್ ಲೀಡರ್‌ಶಿಪ್’ ಅಂತ ಎಲ್ಲರೂ ಹೇಳ್ತಾರೆ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಏನದು?

ಅದಕ್ಕೆ ನಮ್ಮಲ್ಲಿ ಹಳೆಯ ಮಾತೇ ಇದೆ: ನುಡಿದಂತೆ ನಡೆಯುವುದು. ನಾಯಕ ಅಂದ ಕೂಡಲೇ ವೇದಿಕೆ, ಮೈಕು, ಹಾರ ಕಣ್ಣಮುಂದೆ ಬರುತ್ತವೆ. ನನ್ನ ಲೆಕ್ಕದಲ್ಲಿ ಇಬ್ಬರು ಹುಡುಗರನ್ನಿಟ್ಟುಕೊಂಡು ವೆಲ್ಡಿಂಗ್ ಅಂಗಡಿ ನಡೆಸುವವನೂ ನಾಯಕನೇ, 15 ಜನರ ಸಂಘ ನಡೆಸುವ ಅಕ್ಕನೂ ನಾಯಕಿಯೇ. ಯಾರ ಮಾತು ನೆಚ್ಚಿಕೊಂಡು ಇನ್ನೊಬ್ಬರು ತಮ್ಮ ದುಡ್ಡು, ವೇಳೆ, ಮರ್ಯಾದೆ ಪಣಕ್ಕಿಡುತ್ತಾರೋ ಅವರೆಲ್ಲ ನಾಯಕರು.

ಆದರೆ ‘ನುಡಿದಂತೆ ನಡೀತೀನಿ’ ಎಂದು ಮೋಸಗಾರನೂ ಹೇಳುತ್ತಾನೆ. ಅದಕ್ಕೇ ನಾನು ಇನ್ನೊಂದು ಮಾತು ಸೇರಿಸುತ್ತೇನೆ: ನಡೆದೆವೋ ಇಲ್ಲವೋ ಎಂದು ಎದುರಿನವರು ತಾವೇ ನೋಡಿಕೊಳ್ಳುವಂತಿರಬೇಕು. ನಮ್ಮ ಕಸುಬಿನಲ್ಲಿ ಅದಕ್ಕೆ ಪ್ರೂಫ್ ಎನ್ನುತ್ತೇವೆ. ಅಚ್ಚಿಗೆ ಹೋಗುವ ಮೊದಲು ಒಂದು ಹಾಳೆ ತೆಗೆದು ಗಿರಾಕಿಯ ಕೈಗೆ ಕೊಟ್ಟು, ಪಕ್ಕದಲ್ಲಿ ಕೆಂಪು ಪೆನ್ ಇಟ್ಟು, ‘ನೋಡ್ರಿ, ತಪ್ಪಿದ್ರ ಗುರುತು ಹಾಕ್ರಿ’ ಎನ್ನುತ್ತೇವೆ. ನನಗೆ ನಂಬಿಕೆಯ ಬಗ್ಗೆ ಗೊತ್ತಿರುವುದರಲ್ಲಿ ಬಹುಪಾಲು ಆ ಒಂದು ಹಾಳೆಯಿಂದ ಕಲಿತದ್ದು.

ನಂಬಿಕೆ ಅಂದ್ರೆ ಕಣ್ಣುಮುಚ್ಚಿ ನಂಬೋದಲ್ವಾ? ಪರೀಕ್ಷೆ ಮಾಡಿದ ಮೇಲೆ ಅದು ನಂಬಿಕೆ ಹೇಗಾಯ್ತು?

ಬಹಳ ಜನ ಇಲ್ಲೇ ಎಡವುತ್ತಾರೆ. ಲೆಕ್ಕ ಕೇಳಿದರೆ ‘ನನ್ನ ಮೇಲೆ ನಂಬಿಕೆ ಇಲ್ವಾ?’ ಎಂದು ಮುನಿಸಿಕೊಳ್ಳುತ್ತಾರೆ. ನಾನು ನೋಡಿದ ಗಟ್ಟಿ ನಂಬಿಕೆಗಳೆಲ್ಲ ಲೆಕ್ಕ ಕೇಳಲು ಅವಕಾಶ ಇದ್ದಲ್ಲೇ ಬೆಳೆದಿವೆ.

ನಮ್ಮೂರಿನ ಮಗ್ಗುಲಲ್ಲೇ ಕಣಗಿನಹಾಳ ಇದೆ. 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಅಲ್ಲಿ ಕಟ್ಟಿದ್ದು ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ. ಅದಕ್ಕೆ ಆಧಾರವಾದ ಕಾಯ್ದೆ ಬಂದದ್ದು ಹಿಂದಿನ ವರ್ಷ, 1904ರಲ್ಲಿ. ಹಳ್ಳಿಯ ಸಂಘಗಳಿಗೆ ಆ ಕಾಯ್ದೆ ಹಾಕಿದ ಸಾಮಾನ್ಯ ನಿಯಮ ಬಿಗಿಯಾಗಿತ್ತು: ಸದಸ್ಯರ ಹೊಣೆಗೆ ಮಿತಿಯಿಲ್ಲ. ಸಂಘ ಮುಳುಗಿದರೆ ಸಾಲದ ಭಾರ ಪ್ರತಿಯೊಬ್ಬ ಸದಸ್ಯನ ಹೊಲಮನೆಯ ಮೇಲೆ ಬರುತ್ತಿತ್ತು. ಹಾಗಿದ್ದಾಗ ಯಾರು ಸಾಲ ಕೇಳುತ್ತಿದ್ದಾರೆ, ಬಿತ್ತನೆಗೋ ಮದುವೆಗೋ, ಕಳೆದ ಸಲದ್ದು ಕಟ್ಟಿದ್ದಾರೋ ಇಲ್ಲವೋ ಎಂದು ನೋಡದೆ ಯಾರು ಬಿಡುತ್ತಾರೆ? ಒಂದೇ ಊರಿನವರು; ಒಬ್ಬನ ಬೆಳೆ ಇನ್ನೊಬ್ಬನಿಗೆ ಕಾಣುತ್ತಿತ್ತು. ಆ ನೋಟವೇ ಅವರಿಗೆ ಅಡಮಾನವಾಯಿತು.

‘ಪತ್ತು’ ಎಂಬ ಪದವನ್ನೇ ನೋಡಿ. ಅದು ಸಾಲವೂ ಹೌದು, ಸಾಲ ಹುಟ್ಟುವಂಥ ಯೋಗ್ಯತೆಯೂ ಹೌದು. ನಮ್ಮ ಹಿರಿಯರು ಎರಡಕ್ಕೂ ಒಂದೇ ಪದ ಇಟ್ಟುಕೊಂಡಿದ್ದರು.

ಇವತ್ತಿನ ಉದಾಹರಣೆ ಬೇಕಿದ್ದರೆ ಯಾವುದಾದರೂ ಮಹಿಳಾ ಸ್ವಸಹಾಯ ಸಂಘದ ವಾರದ ಸಭೆಗೆ ಹೋಗಿ ಕೂತುಕೊಳ್ಳಿ. ಎಷ್ಟೋ ಕಡೆ ಹಣದ ಪೆಟ್ಟಿಗೆ ಒಬ್ಬರ ಮನೆಯಲ್ಲಿ, ಕೀಲಿ ಇನ್ನೊಬ್ಬರ ಹತ್ತಿರ. ಎಲ್ಲರ ಎದುರಿಗೆ ತೆಗೆದು, ಎಣಿಸಿ, ಬರೆದು, ಓದಿ ಹೇಳಿ ಮುಚ್ಚುತ್ತಾರೆ. ಪೆಟ್ಟಿಗೆ ಇಟ್ಟುಕೊಂಡ ಅಕ್ಕನಿಗೆ ಅದರಿಂದ ಅವಮಾನ ಆಗುವುದಿಲ್ಲ. ಅವಳು ರಾತ್ರಿ ನೆಮ್ಮದಿಯಿಂದ ಮಲಗುತ್ತಾಳೆ, ಯಾಕೆಂದರೆ ನಾಳೆ ಯಾರೂ ಅವಳ ಮೇಲೆ ಬೆರಳು ತೋರಿಸಲಾರರು.

ನಾನು ಮಾತುಗಾರ ಅಲ್ಲ. ನಾಲ್ಕು ಜನರೆದುರು ನಿಂತ್ರೆ ಬೆವರ್ತೀನಿ. ನನ್ನಂಥವರು ಜನರನ್ನ ಮುನ್ನಡೆಸೋಕೆ ಆಗತ್ತಾ?

ಆಗುತ್ತದೆ. ನನ್ನ ಗುರುಗಳಾಗಿದ್ದ ಹಿರಿಯ ಕಂಪೋಸಿಟರ್ ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. ಸೀಸದ ಅಕ್ಷರದ ಮೊಳೆಗಳನ್ನು ಕೈಯಲ್ಲಿ ಜೋಡಿಸಿ ಪುಟ ಕಟ್ಟುವ ಕಾಲ ಅದು. ಅವರು ‘ನಾಳೆ 4ಕ್ಕೆ’ ಅಂದರೆ ನಾಳೆ 4ಕ್ಕೆ ಪುಟ ಕಟ್ಟಿ ಅಚ್ಚಿಗೆ ಸಿದ್ಧವಾಗಿರುತ್ತಿತ್ತು. ‘ಆಗೋದಿಲ್ಲ’ ಅಂದರೆ ಮಾಲೀಕರೂ ಮರುಮಾತಾಡುತ್ತಿರಲಿಲ್ಲ. ಇಡೀ ಪ್ರೆಸ್ ಅವರ ಮುಖ ನೋಡಿಕೊಂಡು ನಡೆಯುತ್ತಿತ್ತು. ಮಾತು ಕಡಿಮೆ ಇದ್ದರೆ ಉಳಿಸಿಕೊಳ್ಳಬೇಕಾದ ಮಾತೂ ಕಡಿಮೆ, ಅದು ನಿಮಗೆ ಅನುಕೂಲವೇ.

ನಾನು ಇರೋದೇ ಹೀಗೆ. ಸಿಟ್ಟು ಬಂದ್ರೆ ಮುಖಕ್ಕೆ ಹೊಡೆದ ಹಾಗೆ ಹೇಳಿಬಿಡ್ತೀನಿ. ಒಳಗೊಂದು ಹೊರಗೊಂದು ಇಲ್ಲ. ಇದೂ ಪ್ರಾಮಾಣಿಕತೆನೇ ಅಲ್ವಾ?

ಅಲ್ಲ. ಸಿಟ್ಟಿನಲ್ಲಿ ಬಾಯಿಗೆ ಬಂದದ್ದು ನಿಜವೇ ಆಗಿರಬೇಕು ಅಂತ ಯಾರು ಹೇಳಿದರು? ನಾಳೆ ಬೆಳಿಗ್ಗೆ ಅದೇ ಮಾತನ್ನು ಕೂತು ಬರೆದು ಕೆಳಗೆ ಸಹಿ ಮಾಡುತ್ತೀರಾ? ಮಾಡುವುದಾದರೆ ಹೇಳಿ. ನಿಮ್ಮ ಕೈಕೆಳಗೆ ಕೆಲಸ ಮಾಡುವವನು ತಿರುಗಿ ಅದೇ ದನಿಯಲ್ಲಿ ನಿಮಗೆ ಹೇಳಲಾರ ಎಂಬುದೂ ನೆನಪಿರಲಿ. ಎರಡು ಸಲ ಬೈಸಿಕೊಂಡವನು ಮೂರನೆಯ ಸಲ ತಪ್ಪು ಮಾಡುವುದನ್ನು ಬಿಡುವುದಿಲ್ಲ, ಹೇಳುವುದನ್ನು ಬಿಡುತ್ತಾನೆ.

## ಅಂಗಡಿ, ಗಿರಾಕಿ, ದುಡ್ಡು

ಹೊಸ ಅಂಗಡಿ. ಊರಲ್ಲಿ ಯಾರಿಗೂ ಗುರುತಿಲ್ಲ. ನಂಬಿಕೆ ಎಲ್ಲಿಂದ ಶುರು ಮಾಡ್ಲಿ?

ಕಳೆದುಹೋದರೂ ಗಿರಾಕಿ ತಡೆದುಕೊಳ್ಳುವಷ್ಟು ಸಣ್ಣ ಮೊತ್ತದಿಂದ, ಮತ್ತೆ ಮತ್ತೆ.

ಉಡುಪಿಯಲ್ಲಿ 1925ರಲ್ಲಿ ಉಪೇಂದ್ರ ಅನಂತ ಪೈ, ವಾಮನ ಕುಡ್ವ, ಡಾ. ಟಿ.ಎಂ.ಎ. ಪೈ ಸೇರಿ 8,000 ರೂಪಾಯಿ ಬಂಡವಾಳದಲ್ಲಿ ಒಂದು ಸಂಸ್ಥೆ ತೆರೆದರು. ಮುಂದೆ ಅದೇ ಸಿಂಡಿಕೇಟ್ ಬ್ಯಾಂಕ್ ಆಯಿತು. 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ಸೇರಿತು. 1928ರಲ್ಲಿ ಅವರು ಪಿಗ್ಮಿ ಠೇವಣಿ ಶುರು ಮಾಡಿದರು. ದಿನಕ್ಕೆ 2 ಆಣೆಯಿಂದ ಉಳಿತಾಯ. ಬ್ಯಾಂಕಿನ ಮೆಟ್ಟಿಲು ಹತ್ತಲು ಅಂಜುತ್ತಿದ್ದ ಬೀದಿಬದಿ ವ್ಯಾಪಾರಿ, ಕೂಲಿಕಾರ, ಮನೆಯ ಹೆಣ್ಣುಮಗಳು, ಇವರ ಬಾಗಿಲಿಗೇ ಏಜೆಂಟ್ ಬರುತ್ತಿದ್ದ. ದುಡ್ಡು ತೆಗೆದುಕೊಂಡು ಲೆಕ್ಕ ಬರೆದು ಹೋಗುತ್ತಿದ್ದ. ಯೋಚಿಸಿ ನೋಡಿ: ಒಂದು ದಿನ ಅವನು ಓಡಿಹೋದರೂ ಹೋಗುವುದು 2 ಆಣೆ. ಆದರೆ ಮರುದಿನವೂ ಬಂದ, ಅದರ ಮರುದಿನವೂ ಬಂದ. ವರ್ಷ ತುಂಬುವಷ್ಟರಲ್ಲಿ ಅವನನ್ನು ಮುನ್ನೂರು ಸಲ ಪರೀಕ್ಷೆ ಮಾಡಿದಂತಾಯಿತು, ಪರೀಕ್ಷೆ ಅಂತ ಯಾರೂ ಹೇಳದೆಯೇ.

ಎರಡನೆಯದು, ಗಿರಾಕಿಗೆ ಕಾಣದ ಜಾಗವನ್ನು ಕಾಣಿಸಿ. ಬೆಂಗಳೂರಿನ ಲಾಲ್‌ಬಾಗ್ ರಸ್ತೆಯ ಎಂಟಿಆರ್‌ನಲ್ಲಿ ಊಟಕ್ಕೆ ಬಂದವರು ಅಡುಗೆಮನೆ ನೋಡಿಕೊಂಡು ಹೋಗುವ ಪದ್ಧತಿ ಇತ್ತು. ಹೋಟೆಲಿನವರಿಗೆ ಅದಕ್ಕಿಂತ ದೊಡ್ಡ ಧೈರ್ಯ ಇನ್ನೇನಿದೆ?

ನಮ್ಮ ಕಸುಬಿನಲ್ಲಿ ಕಾಣದ ಜಾಗ ಅಂದರೆ ಕಾಗದದ ತೂಕ. ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತದೆ ಅನ್ನುವುದೇ ಜಿಎಸ್‌ಎಂ. 70 ಜಿಎಸ್‌ಎಂ ಅಂತ ಬಿಲ್ ಮಾಡಿ 60ರಲ್ಲಿ ಅಚ್ಚು ಹಾಕಿ ಕೊಟ್ಟರೆ ಕೈಯಲ್ಲಿ ಮುಟ್ಟಿ ನೋಡಿದವರಿಗೂ ಪತ್ತೆ ಹತ್ತುವುದು ಕಷ್ಟ. ನಾನು ಕೌಂಟರ್ ಮೇಲೆ ಒಂದು ಎಲೆಕ್ಟ್ರಾನಿಕ್ ತಕ್ಕಡಿ ಇಟ್ಟೆ. ಎ4 ಅಳತೆಯ 500 ಹಾಳೆಯ ಒಂದು ರೀಮ್ 70 ಜಿಎಸ್‌ಎಂ ಆದರೆ ಸುಮಾರು 2 ಕಿಲೋ 180 ಗ್ರಾಂ ತೂಗಬೇಕು, 60 ಆದರೆ 1 ಕಿಲೋ 870ರ ಆಸುಪಾಸು. ಈ ಲೆಕ್ಕವನ್ನು ಒಂದು ರಟ್ಟಿನ ಮೇಲೆ ಅಚ್ಚು ಹಾಕಿ ತಕ್ಕಡಿಯ ಹಿಂದೆ ಅಂಟಿಸಿದೆ. ತೂಗಿ ನೋಡುವವರು ನೂರಕ್ಕೆ ಐದು ಮಂದಿಯೂ ಇಲ್ಲ. ಆದರೆ ಉಳಿದವರೆಲ್ಲ ಆ ತಕ್ಕಡಿಯನ್ನು ನೋಡುತ್ತಾರೆ.

ಎಲ್ಲರೂ ‘ನಾಳೆ ಕೊಡ್ತೀನಿ’ ಅಂತಾರೆ. ನಾನೊಬ್ಬನೇ ‘ಎಂಟು ದಿನ ಬೇಕು’ ಅಂದ್ರೆ ಆರ್ಡರ್ ಪಕ್ಕದ ಅಂಗಡಿಗೆ ಹೋಗಲ್ವಾ?

ಕೆಲವು ಹೋಗುತ್ತವೆ. ಅದನ್ನು ಮುಚ್ಚಿಟ್ಟು ನಿಮಗೆ ಧೈರ್ಯ ಹೇಳಲಾರೆ. ಶುರುವಿನ ಎರಡು ವರ್ಷ ನನ್ನ ಕೈಯಿಂದ ಹೋದ ಕೆಲಸ ಕಡಿಮೆಯಲ್ಲ. ಉಳಿದವರು ಎಂಥವರು ಅಂದರೆ ಛತ್ರ, ಅಡುಗೆಯವರು, ಬಸ್ಸು ಎಲ್ಲವನ್ನೂ ದಿನಾಂಕದ ಮೇಲೆ ಗೊತ್ತು ಮಾಡುವವರು. ಅವರಿಗೆ ಬೇಗ ಸಿಗುವುದಕ್ಕಿಂತ ಹೇಳಿದ ದಿನ ಸಿಗುವುದು ಮುಖ್ಯ.

ಒಂದು ಅಭ್ಯಾಸ ಮಾತ್ರ ಹೇಳುತ್ತೇನೆ. ತಡವಾಗುವುದು ನಿಮಗೆ ಗೊತ್ತಾದ ಹೊತ್ತಿಗೇ ಗಿರಾಕಿಗೂ ಗೊತ್ತಾಗಬೇಕು. ಬುಧವಾರದ ಕೆಲಸ ತಪ್ಪುತ್ತದೆ ಅಂತ ಸೋಮವಾರ ಗೊತ್ತಾದರೆ ಸೋಮವಾರವೇ ಫೋನ್. ಬುಧವಾರ ಬಾಗಿಲಿಗೆ ಬಂದು ನಿಂತವನಿಗೆ ಹೇಳಿದರೆ, ನೀವು ತಡದ ಜೊತೆಗೆ ಎರಡು ದಿನದ ಸುಳ್ಳನ್ನೂ ಕೊಟ್ಟಂತೆ.

ಉದ್ರಿ ಕೊಟ್ರ ರೊಕ್ಕ ಹೋಗ್ತದ, ಕೊಡದಿದ್ರ ಗಿರಾಕಿ ಹೋಗ್ತಾನ. ಹೆಂಗ ಮಾಡ್ಲಿ ಕಾಕಾ?

ಕೊಟ್ಟವನು ಕೋಡಂಗಿ, ಈಸಿಕೊಂಡವನು ಈರಭದ್ರ ಅನ್ನುವ ಗಾದೆ ಹುಟ್ಟಿದ್ದೇ ಇದರಿಂದ. ಉದ್ರಿ ಕೊಡಬೇಡಿ ಅಂತ ನಾನು ಹೇಳುವುದಿಲ್ಲ. ನಮ್ಮ ಊರುಗಳಲ್ಲಿ ಸುಗ್ಗಿಯ ತನಕ ಕಾಯದೆ ವ್ಯಾಪಾರವಿಲ್ಲ. ಆದರೆ ಬಾಯಿಮಾತಿನ ಉದ್ರಿ ಬೇಡ. ಮೊತ್ತ, ದಿನಾಂಕ, ಅವರ ಸಹಿ, ಅದರ ಒಂದು ಪ್ರತಿ ಅವರ ಕೈಗೆ. ಬರೆದಿಟ್ಟ ಸಾಲ ಕೇಳಲು ಮುಜುಗರವಿಲ್ಲ. ಬರೆಯದ ಸಾಲ ಕೇಳಿದಾಗಲೇ ಜಗಳ.

ನೀವು ಏನಾದರೂ ತಯಾರು ಮಾಡಿ ಕೊಡುವ ಸಣ್ಣ ಘಟಕದವರಾದರೆ, ಸಣ್ಣ ಉದ್ಯಮಗಳಿಗೆಂದೇ ಇರುವ ಸರ್ಕಾರದ ‘ಉದ್ಯಮ್’ ನೋಂದಣಿ ಮಾಡಿಸಿಕೊಳ್ಳಿ. 2006ರ ಎಂಎಸ್‌ಎಂಇ ಕಾಯ್ದೆಯ ಪ್ರಕಾರ ಬರಹದಲ್ಲಿ ಒಪ್ಪಂದ ಇಲ್ಲದಿದ್ದರೆ ಕೊಂಡವರು 15 ದಿನದಲ್ಲಿ ಹಣ ಕೊಡಬೇಕು, ಒಪ್ಪಂದ ಇದ್ದರೂ 45 ದಿನ ಮೀರುವಂತಿಲ್ಲ, ಮೀರಿದರೆ ಬಡ್ಡಿ ಬೀಳುತ್ತದೆ. ದೊಡ್ಡ ಕಂಪನಿಯವರು ‘ನಮ್ಮಲ್ಲಿ 90 ದಿನ’ ಅಂದಾಗ ಈ ಒಂದು ಸಾಲನ್ನು ಬಿಲ್ಲಿನ ಕೆಳಗೆ ಅಚ್ಚು ಹಾಕಿಸಿರಿ, ಸಾಕು.

ತಪ್ಪು ನಮ್ಮದೇ ಅಂತ ಒಪ್ಪಿಕೊಂಡ್ರೆ ಗಿರಾಕಿ ಕೈಬಿಟ್ಟು ಹೋಗಲ್ವಾ?

ಹೋಗಬಹುದು. ನನಗೆ ಆದದ್ದನ್ನು ಹೇಳುತ್ತೇನೆ.

400 ಲಗ್ನಪತ್ರಿಕೆ. ಪ್ರೂಫ್‌ನಲ್ಲಿ ಮುಹೂರ್ತ 11 ಗಂಟೆ 24 ನಿಮಿಷ ಅಂತ ಸರಿಯಾಗಿತ್ತು, ಗಿರಾಕಿಯ ಸಹಿಯೂ ಆಗಿತ್ತು. ಆಮೇಲೆ ಹುಡುಗಿಯ ಸೋದರಮಾವನ ಹೆಸರು ಬಿಟ್ಟುಹೋಗಿದೆ ಎಂದು ಫೋನ್ ಬಂತು. ಹೆಸರು ಸೇರಿಸಿ ಹೊಸ ಪ್ಲೇಟ್, ಅಂದರೆ ಅಚ್ಚಿನ ತಗಡು, ಮಾಡುವಾಗ ಡಿಟಿಪಿಯಲ್ಲಿ (ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸುವಲ್ಲಿ) ಕೈತಪ್ಪಿ 12-24 ಆಯಿತು. ಸಂಜೆ ಕವರಿಗೆ ತುಂಬುವಾಗ ಗೊತ್ತಾಯಿತು. ಅವರು ಬರುವುದು ಮರುದಿನ ಬೆಳಿಗ್ಗೆ 9ಕ್ಕೆ. ಡಿಟಿಪಿ ಮಾಡಿದ ಹುಡುಗ ಬಿಳಿಚಿಕೊಂಡು ನಿಂತಿದ್ದ. ‘ಅಣ್ಣಾರ, ಅಷ್ಟು ಕಣ್ಣಿಟ್ಟು ಯಾರು ನೋಡ್ತಾರ್ರಿ?’ ಅಂತ ಒಬ್ಬರು ಮೆಲ್ಲಗೆ ಅಂದರು.

ರಾತ್ರಿ 8ಕ್ಕೆ ನಾನೇ ಫೋನ್ ಮಾಡಿದೆ. ‘ತಪ್ಪು ನಮ್ಮ ಕಡೆಯದು. ರಾತ್ರಿಯೆಲ್ಲ ಕೂತು ಮತ್ತೆ ಹಾಕ್ತೀವಿ. 9ಕ್ಕೆ ಆಗೋದಿಲ್ಲ, 12ಕ್ಕೆ ನಿಮ್ಮ ಮನೆಗೇ ತಂದು ಕೊಡ್ತೀನಿ’ ಅಂದೆ. ಹುಡುಗಿಯ ತಂದೆ ಬಹಳ ಬೈದರು. ಮದುವೆ ಮನೆಯವರ ಬೇಗುದಿ ಅದು. 12ಕ್ಕೆ ಕೊಟ್ಟೆ, ಮೊದಲೇ ಆದ ಮಾತಿನ ಹಣ ಕೊಟ್ಟರು. ಆ ಮನೆಯವರು ಮತ್ತೆ ನಮ್ಮಲ್ಲಿಗೆ ಬರಲಿಲ್ಲ.

ಹಾಗಾದರೆ ಏನು ಸಿಕ್ಕಿತು? ಆ ಹುಡುಗ. ಅವನ ಮೇಲೆ ತಪ್ಪು ಹಾಕದೆ ‘ನಮ್ಮ ಕಡೆಯದು’ ಎಂದದ್ದನ್ನು ಅವನು ಪಕ್ಕದಲ್ಲೇ ನಿಂತು ಕೇಳಿಸಿಕೊಂಡಿದ್ದ. ಅಂದಿನಿಂದ ಅವನು ತನ್ನ ತಪ್ಪನ್ನು ತಾನೇ ಹಿಡಿದುಕೊಂಡು ಬರುತ್ತಾನೆ, ಅದೂ ಪ್ಲೇಟ್ ಆಗುವ ಮೊದಲೇ. 11 ವರ್ಷ ಆಯಿತು. ಆ 400 ಕಾರ್ಡಿನ ಕಾಗದದ ಖರ್ಚು ಎಷ್ಟೋ ಸಲ ಮರಳಿ ಬಂದಿದೆ. ಅಂದಿನಿಂದ ಇನ್ನೊಂದು ನಿಯಮವೂ ಬಂತು: ಪ್ರೂಫ್ ಆದ ಮೇಲೆ ಒಂದಕ್ಷರ ತಿದ್ದಿದರೂ ಪೂರ್ತಿ ಹಾಳೆಗೆ ಮತ್ತೊಂದು ಪ್ರೂಫ್, ಮತ್ತೊಂದು ಸಹಿ.

## ಕೆಲಸಗಾರರ ಜೊತೆ

ವ್ಯಾಪಾರ ಕುಸಿದಿದೆ ಅಂತ ಕೆಲಸಗಾರರಿಗೆ ಹೇಳಬೇಕಾ? ಹೇಳಿದ್ರೆ ಬಿಟ್ಟು ಹೋಗ್ತಾರಲ್ಲ?

2020ರ ಮಾರ್ಚ್ 25ಕ್ಕೆ ಲಾಕ್‌ಡೌನ್ ಬಂದಾಗ ನಮ್ಮ ಸೀಜನ್ ಶುರುವಾಗುವ ಹೊತ್ತು. ಏಪ್ರಿಲ್, ಮೇ ಮದುವೆಗಳೇ ನಮಗೆ ವರ್ಷದ ಅನ್ನ. ಒಂದೊಂದೇ ಆರ್ಡರ್ ರದ್ದಾಯಿತು. ನಾನು ಎರಡು ವಾರ ಏನೂ ಹೇಳದೆ ಇದ್ದೆ, ಧೈರ್ಯ ತೋರಿಸಬೇಕು ಅಂದುಕೊಂಡು. ಅದೇ ತಪ್ಪಾಯಿತು. ಪ್ರೆಸ್ ಮಾರಿಬಿಡುತ್ತಾರಂತೆ ಎಂಬ ಸುದ್ದಿ ಕೆಲಸಗಾರರ ಮನೆಗಳಲ್ಲಿ ಹಬ್ಬಿತ್ತು.

ಆಮೇಲೆ ಒಬ್ಬೊಬ್ಬರಿಗೂ ಫೋನ್ ಮಾಡಿ ಇದ್ದದ್ದನ್ನು ಹೇಳಿದೆ. ಬ್ಯಾಂಕಿನಲ್ಲಿ ಇಷ್ಟಿದೆ, ಕಾಗದದವರಿಗೆ ಕೊಡಬೇಕಾದದ್ದು ಇಷ್ಟು, ಅರ್ಧ ಸಂಬಳದ ಲೆಕ್ಕದಲ್ಲಿ ನಾಲ್ಕು ತಿಂಗಳು ಎಳೆಯಬಹುದು, ನಾನು ಮನೆಖರ್ಚಿಗೆ ತೆಗೆದುಕೊಳ್ಳುವುದು ಇಷ್ಟೇ. ಬಾಗಿಲು ತೆರೆದ ಮೇಲೆ ಕೀರ್ದಿ ಪುಸ್ತಕವನ್ನೇ ಮೇಜಿನ ಮೇಲಿಟ್ಟೆ. ಒಬ್ಬರು ಊರಿಗೆ ಹೊಲಕ್ಕೆ ಹೋದರು, ಅದು ಅವರಿಗೆ ಸರಿಯಾದ ದಾರಿಯೇ ಆಗಿತ್ತು. ಉಳಿದವರು ಉಳಿದರು. ಜನ ಕಷ್ಟಕ್ಕೆ ಓಡುವುದು ಕಡಿಮೆ. ಎಷ್ಟು ಕಷ್ಟ ಅಂತ ಗೊತ್ತಿಲ್ಲದಿದ್ದಾಗ ಓಡುತ್ತಾರೆ.

ಎಲ್ಲವನ್ನೂ ಹೇಳಬೇಕೆಂದಿಲ್ಲ. ನಿಮ್ಮ ರಾತ್ರಿಯ ದಿಗಿಲನ್ನು ಅವರ ಮೇಲೆ ಸುರಿಯಬೇಡಿ. ಅವರ ಮನೆಯ ಒಲೆಗೆ ಸಂಬಂಧಪಟ್ಟದ್ದನ್ನು ಮಾತ್ರ ಮುಚ್ಚಿಡಬೇಡಿ.

ಹಾಗಾದ್ರೆ ಸಿಸಿಟಿವಿ ತೆಗೆದುಬಿಡಬೇಕಾ?

ಬೇಡ. ಆದರೆ ಕ್ಯಾಮೆರಾ ಎಲ್ಲಿದೆ ಅಂತ ಎಲ್ಲರಿಗೂ ಗೊತ್ತಿರಲಿ, ನಿಮ್ಮ ಗಲ್ಲಾಪೆಟ್ಟಿಗೆಯ ಮೇಲೂ ಒಂದಿರಲಿ. ನೀವು ಅವರ ಲೆಕ್ಕ ನೋಡುತ್ತೀರಿ, ಅವರೂ ನಿಮ್ಮದನ್ನು ನೋಡುವಂತಿರಬೇಕು: ಓವರ್‌ಟೈಮ್ ಎಷ್ಟು ಗಂಟೆ ಬರೆದಿದ್ದೀರಿ, ಪಿಎಫ್ ಕಟ್ಟಿದ್ದೀರೋ ಇಲ್ಲವೋ. ಒಂದೇ ಕಡೆಯ ನೋಟಕ್ಕೆ ಕಾವಲು ಅಂತ ಹೆಸರು.

ಮಗನ ಹಾಗೆ ನಂಬಿದ ಹುಡುಗನೇ ಗಲ್ಲಾದಿಂದ ದುಡ್ಡು ತೆಗೆದಿದ್ದಾನೆ. ಇನ್ನು ಯಾರನ್ನೂ ನಂಬೋದೇ ಬೇಡ ಅನಿಸ್ತಿದೆ.

ಈ ನೋವು ನನಗೆ ಗೊತ್ತು. ದುಡ್ಡಿಗಿಂತ ‘ಮಗನ ಹಾಗೆ’ ಅನ್ನುವುದು ಹೆಚ್ಚು ಸುಡುತ್ತದೆ. ಆದರೂ ಒಂದು ಪ್ರಶ್ನೆ ಕೇಳಲೇಬೇಕು: ಗಲ್ಲಾವನ್ನು ದಿನಾ ಸಂಜೆ ಎಣಿಸುತ್ತಿದ್ದಿರಾ? ಹೆಚ್ಚಿನವರು ‘ಅವನ ಮೇಲೆ ನಂಬಿಕೆ ಇತ್ತು, ಎಣಿಸ್ತಿರಲಿಲ್ಲ’ ಅನ್ನುತ್ತಾರೆ. ಎಣಿಸದ ಹಣವನ್ನು ಇಪ್ಪತ್ತು ವರ್ಷದ ಹುಡುಗನ ಮುಂದೆ ವರ್ಷಗಟ್ಟಲೆ ಇಟ್ಟು ನಾವು ಅವನಿಗೆ ಉಪಕಾರ ಮಾಡಿರಲಿಲ್ಲ. ಅವನ ತಪ್ಪು ಅವನದೇ. ಕೂರಿಸಿ, ನೇರ ಕೇಳಿ, ಎಷ್ಟು ಅಂತ ಬರೆಸಿಕೊಳ್ಳಿ, ಮರಳಿಸುವ ದಾರಿ ಗೊತ್ತು ಮಾಡಿ. ಇಟ್ಟುಕೊಳ್ಳುವುದೋ ಬಿಡುವುದೋ ನಿಮ್ಮ ನಿರ್ಧಾರ. ಆದರೆ ಮುಂದೆ ಬರುವ ಹುಡುಗನಿಗೆ ಮೊದಲ ದಿನದಿಂದಲೇ ಸಂಜೆ ಇಬ್ಬರೂ ಕೂತು ಎಣಿಸುವ ರೂಢಿ ಮಾಡಿ. ಹಿಂದಿನವನ ಕಳ್ಳತನಕ್ಕೆ ಹೊಸಬನನ್ನು ಸಂಶಯದಿಂದ ನೋಡಬೇಡಿ.

## ಮನೆ, ಬಂಧು, ಗೆಳೆಯ

ಅಣ್ಣ ತಮ್ಮ ಸೇರಿ ಅಂಗಡಿ ಹಾಕ್ತಿದೀವಿ. ಕಾಗದಪತ್ರ ಮಾಡಿಕೊಂಡ್ರೆ ಸಂಬಂಧ ಕೆಡಲ್ವಾ?

ಮಾಡಿಕೊಳ್ಳದಿದ್ದರೆ ಕೆಡುತ್ತದೆ. ಒಡೆದ ಪಾಲುದಾರಿಕೆಗಳ ಹೊಸ ಬೋರ್ಡು, ಹೊಸ ಬಿಲ್ ಬುಕ್ ಅಚ್ಚು ಹಾಕಿಸಲು ಎರಡೂ ಕಡೆಯವರು ನನ್ನ ಹತ್ತಿರವೇ ಬರುತ್ತಾರೆ. ಇಬ್ಬರೂ ಹೇಳುವುದು ಒಂದೇ ಮಾತು: ‘ನಾವು ಹಂಗ ಮಾತಾಡಿರಲಿಲ್ಲ.’ ಏನು ಮಾತಾಡಿದ್ದರು ಅಂತ ಇಬ್ಬರಿಗೂ ನೆನಪಿರುವುದಿಲ್ಲ.

ಬರೆಯದಿದ್ದರೆ ಏನಾಗುತ್ತದೆ ಅಂತ 1932ರ ಪಾಲುದಾರಿಕೆ ಕಾಯ್ದೆ ಮೊದಲೇ ಹೇಳಿಟ್ಟಿದೆ. ಬೇರೆ ಒಪ್ಪಂದ ಇಲ್ಲದಿದ್ದರೆ ಲಾಭ ನಷ್ಟ ಸಮಪಾಲು, ಅಣ್ಣ ಹಾಕಿದ್ದು 8 ಲಕ್ಷ, ತಮ್ಮ ಹಾಕಿದ್ದು 2 ಲಕ್ಷ ಆಗಿದ್ದರೂ. ದುಡಿಮೆಗೆ ಬೇರೆ ಸಂಬಳವೂ ಇಲ್ಲ. ನೋಂದಣಿಯಾಗದ ಸಂಸ್ಥೆ ಹೊರಗಿನವರ ಮೇಲೆ ಒಪ್ಪಂದದ ದಾವೆ ಹೂಡಲು ಆಗುವುದಿಲ್ಲ. ಅದಕ್ಕೇ ಪ್ರೀತಿ ಚೆನ್ನಾಗಿರುವಾಗಲೇ ಕೂತು ಬರೆಯಿರಿ: ಯಾರ ಬಂಡವಾಳ ಎಷ್ಟು, ಯಾರು ಬೆಳಿಗ್ಗೆ ಬಾಗಿಲು ತೆಗೆಯುವವರು, ತಿಂಗಳಿಗೆ ಮನೆಗೆ ಎಷ್ಟು ಒಯ್ಯಬಹುದು, ಒಬ್ಬ ಹೊರಹೋಗಬೇಕೆಂದರೆ ಬೆಲೆ ಕಟ್ಟುವುದು ಹೇಗೆ. ನಿಮ್ಮ ಹೆಂಡಂದಿರೂ ಆ ದಿನ ಪಕ್ಕದಲ್ಲಿರಲಿ. ಮುಂದೆ ಮಾತು ಬರುವುದು ಅವರಿಗೆ ತಿಳಿಸದೆ ಇದ್ದುದರಿಂದಲೇ.

ಊರಲ್ಲಿ ನನಗೆ ಒಳ್ಳೆ ಹೆಸರಿದೆ. ಮನೆಯಲ್ಲಿ ಮಾತ್ರ ಹೆಂಡತಿ, ಮಕ್ಕಳು ನನ್ನ ಮಾತನ್ನ ಗಂಭೀರವಾಗಿ ತಗೊಳಲ್ಲ. ಯಾಕೆ?

ಗಿರಾಕಿಗೆ ಕೊಟ್ಟ ದಿನಾಂಕ ಡೈರಿಯಲ್ಲಿ ಬರೆದಿರುತ್ತೀರಿ. ಮಗಳಿಗೆ ‘ಭಾನುವಾರ ಸೈಕಲ್ ರಿಪೇರಿ ಮಾಡಿಸ್ತೀನಿ’ ಅಂದದ್ದನ್ನು ಬರೆದಿದ್ದೀರಾ? ನಾನು ಬಹಳ ವರ್ಷ ಬರೆಯಲಿಲ್ಲ. ಈಗ ಮನೆಯ ಮಾತುಗಳೂ ಅದೇ ಡೈರಿಯಲ್ಲಿ, ಅದೇ ಶಾಯಿಯಲ್ಲಿ ಇರುತ್ತವೆ.

## ಇನ್ನೂ ಕಠಿಣವಾದ ಪ್ರಶ್ನೆಗಳು

ಬ್ಯಾಂಕ್ ಸಾಲಕ್ಕೋಸ್ಕರ ವ್ಯಾಪಾರ ಸ್ವಲ್ಪ ಹೆಚ್ಚು ತೋರಿಸಿದೀನಿ. ಮುಂದಿನ ವರ್ಷ ನಿಜವಾಗ್ಲೂ ಅಷ್ಟಾಗತ್ತೆ. ಇಷ್ಟು ಸಣ್ಣದರಿಂದ ಏನಾಗತ್ತೆ?

ಹೈದರಾಬಾದಿನ ಸತ್ಯಂ ಕಂಪ್ಯೂಟರ್ಸ್ ಅಧ್ಯಕ್ಷ ರಾಮಲಿಂಗ ರಾಜು 2009ರ ಜನವರಿ 7ರಂದು ತಮ್ಮ ಆಡಳಿತ ಮಂಡಳಿಗೆ ಪತ್ರ ಬರೆದರು. ಲೆಕ್ಕದಲ್ಲಿ ತೋರಿಸಿದ್ದ ನಗದು ಮತ್ತು ಬ್ಯಾಂಕ್ ಬಾಕಿಯಲ್ಲಿ 5,040 ಕೋಟಿ ರೂಪಾಯಿ ಇರಲೇ ಇಲ್ಲ ಎಂದು ಒಪ್ಪಿಕೊಂಡರು. ಆ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಮೊತ್ತವಲ್ಲ, ಶುರುವಾದ ಬಗೆ. ನಿಜವಾದ ಲಾಭಕ್ಕೂ ಪುಸ್ತಕದ ಲಾಭಕ್ಕೂ ನಡುವೆ ಮೊದಲು ಇದ್ದದ್ದು ಅಲ್ಪ ಅಂತರ, ವರ್ಷ ವರ್ಷ ಅದೇ ಬೆಳೆಯಿತು ಅಂತ ಅವರೇ ಬರೆದಿದ್ದರು. ಹುಲಿಯ ಮೇಲೆ ಕೂತಂತಾಯಿತು, ಇಳಿದರೆ ತಿನ್ನುತ್ತದೆ ಅನ್ನುವ ಅರ್ಥದ ಮಾತೂ ಅದರಲ್ಲಿತ್ತು. 2015ರಲ್ಲಿ ನ್ಯಾಯಾಲಯ ಅವರನ್ನು ತಪ್ಪಿತಸ್ಥ ಎಂದಿತು.

ನಿಮ್ಮ ಮಾತಿನಲ್ಲೂ ಅದೇ ಇದೆ: ‘ಮುಂದಿನ ವರ್ಷ ಸರಿಹೋಗತ್ತೆ.’ ಮುಂದಿನ ವರ್ಷ ನಿಜವಾದ ಬೆಳವಣಿಗೆಯ ಜೊತೆ ಹೋದ ವರ್ಷದ ಸುಳ್ಳನ್ನೂ ತುಂಬಬೇಕು, ಅದರ ಮೇಲೆ ಇನ್ನಷ್ಟು ತೋರಿಸಬೇಕು. ಈಗ ಇಳಿಯುವುದು ಸುಲಭ. ನಿಮ್ಮ ಲೆಕ್ಕಪರಿಶೋಧಕರನ್ನು ಕೂರಿಸಿಕೊಂಡು ನಿಜವಾದ ಅಂಕಿ ಇಟ್ಟು ಮಾತಾಡಿ, ಸಾಲದ ಮೊತ್ತ ಕಡಿಮೆ ಆದರೆ ಆಗಲಿ.

ಇದೆಲ್ಲ ಸಣ್ಣ ಅಂಗಡಿಗೆ ಸರಿ. ದೊಡ್ಡ ಕಂಪನಿಯಲ್ಲಿ ಕೋಟಿಗಟ್ಟಲೆ ದುಡ್ಡಿರುವಾಗ ಯಾರಾದ್ರೂ ಹೀಗೆ ನಡೆದುಕೊಂಡಿದ್ದಾರಾ?

1982ರ ಶರತ್ಕಾಲದಲ್ಲಿ ಅಮೆರಿಕದ ಶಿಕಾಗೊ ಸುತ್ತಮುತ್ತ 7 ಜನ ಸತ್ತರು. ಟೈಲೆನಾಲ್ ಎಂಬ ನೋವಿನ ಮಾತ್ರೆಯ ಕ್ಯಾಪ್ಸೂಲ್‌ಗಳಲ್ಲಿ ಯಾರೋ ಅಂಗಡಿಗಳಲ್ಲೇ ಸಯನೈಡ್ ಬೆರೆಸಿದ್ದರು. ತಯಾರಕರಾದ ಜಾನ್ಸನ್ ಅಂಡ್ ಜಾನ್ಸನ್ ಕಡೆಯಿಂದ ತಪ್ಪು ಆಗಿರಲಿಲ್ಲ, ಸಾವುಗಳು ಒಂದೇ ಪ್ರದೇಶದಲ್ಲಿದ್ದವು. ಆದರೂ ಅಧ್ಯಕ್ಷ ಜೇಮ್ಸ್ ಬರ್ಕ್ ದೇಶದಾದ್ಯಂತ ಸುಮಾರು 3.1 ಕೋಟಿ ಬಾಟಲಿ ವಾಪಸ್ ತರಿಸಿದರು. ಖರ್ಚು 10 ಕೋಟಿ ಡಾಲರಿಗೂ ಮೀರಿತು. ಕೆಲವೇ ತಿಂಗಳಲ್ಲಿ, ಬಿಚ್ಚಿದರೆ ಗೊತ್ತಾಗುವಂಥ ಮೂರು ಸುತ್ತಿನ ಸೀಲ್ ಹಾಕಿ ಮತ್ತೆ ಮಾರುಕಟ್ಟೆಗೆ ತಂದರು. ಗಮನಿಸಿ: ‘ನಮ್ಮನ್ನು ನಂಬಿ’ ಎಂದು ಕೇಳಿಕೊಂಡಷ್ಟಕ್ಕೇ ನಿಲ್ಲದೆ, ಕೊಂಡವರು ತಾವೇ ಸೀಲ್ ನೋಡಿಕೊಳ್ಳುವಂತೆ ಮಾಡಿದರು.

ಆ ನಿರ್ಧಾರ ಏಕಾಏಕಿ ಬಂದದ್ದಲ್ಲ. ಮೊದಲ ಹೊಣೆ ಔಷಧ ಬಳಸುವವರಿಗೆ, ಷೇರುದಾರರದ್ದು ಕೊನೆಗೆ ಎಂಬ ಮಾತು ಅವರಲ್ಲಿ 1943ರಿಂದ ಬರಹದಲ್ಲಿತ್ತು. ಬರ್ಕ್ ತಮ್ಮ ಹಿರಿಯ ಅಧಿಕಾರಿಗಳನ್ನು ಕೂರಿಸಿಕೊಂಡು ಇದನ್ನು ನಿಜಕ್ಕೂ ಒಪ್ಪುತ್ತೇವಾ ಎಂದು ಮೊದಲೇ ಚರ್ಚೆಗಿಟ್ಟಿದ್ದರು.

ಅದೇ ಕಂಪನಿಯ ಮೇಲೆ ಮುಂದೆ ಬೇಬಿ ಪೌಡರ್ ವಿಚಾರದಲ್ಲಿ ಸಾವಿರಾರು ದಾವೆಗಳು ಬಿದ್ದವು. 1982ರಲ್ಲಿ ಗಳಿಸಿದ್ದು ಇಂದಿನ ಲೆಕ್ಕಕ್ಕೆ ಜಮೆಯಾಗುವುದಿಲ್ಲ. ಇವತ್ತಿನ ಪ್ರೂಫ್ ಇವತ್ತೇ ತೋರಿಸಬೇಕು.

ಆರ್ಡರ್ ಕೊಡೋರೇ ಕಮಿಷನ್ ಕೇಳ್ತಾರೆ. ಕೊಡದೇ ಇದ್ದು ಬದುಕೋಕೆ ಆಗತ್ತಾ?

ನಾನು ಕೊಟ್ಟಿಲ್ಲ, ಅದರಿಂದ ದೊಡ್ಡ ಆರ್ಡರುಗಳು ಹೋಗಿವೆ. ಒಂದು ಸಂಸ್ಥೆಯ ನೋಟ್‌ಬುಕ್ ಕೆಲಸ ಎಂಟು ವರ್ಷ ಮಾಡಿದ್ದೆ. ಹೊಸದಾಗಿ ಬಂದವರು ನೂರಕ್ಕೆ ಹತ್ತು ಕೇಳಿದರು, ಆ ವರ್ಷಕ್ಕೆ ಕೆಲಸ ನಿಂತಿತು. ಪ್ರೆಸ್ ದೊಡ್ಡದಾಗದೆ ಒಂಬತ್ತು ಜನಕ್ಕೇ ನಿಂತಿರುವುದಕ್ಕೆ ಇದೂ ಒಂದು ಕಾರಣ. ಬದುಕಬಹುದು, ಎಷ್ಟು ದೊಡ್ಡದಾಗಿ ಅನ್ನುವುದು ಬೇರೆ ಪ್ರಶ್ನೆ. ಒಂದು ಹತ್ತು ಪರ್ಸೆಂಟ್ ಕೊಟ್ಟಿದ್ದರೆ ಅದು ಎಲ್ಲಿಂದ ಬರಬೇಕಿತ್ತು ಅಂತ ಮಾತ್ರ ನನಗೆ ಚೆನ್ನಾಗಿ ಗೊತ್ತು: ಕಾಗದದ ತೂಕದಿಂದ. ಆಮೇಲೆ ಕೌಂಟರ್ ಮೇಲಿನ ತಕ್ಕಡಿ ತೆಗೆಯಬೇಕಾಗುತ್ತಿತ್ತು.

ಒಮ್ಮೆ ಮುರಿದ ನಂಬಿಕೆ ಮತ್ತೆ ಕೂಡತ್ತಾ?

ಕೂಡುತ್ತದೆ, ಆದರೆ ‘ಸಾರಿ’ ಅಂದ ದಿನ ಅಲ್ಲ. ಪಿಗ್ಮಿಯವನ ಹಾಗೆ ಮತ್ತೆ ದಿನಕ್ಕೆ 2 ಆಣೆಯಿಂದ. ಕ್ಷಮೆ ಕೇಳುವಾಗ ಏನು ಮಾಡಿದೆವು ಅಂತ ಪೂರ್ತಿ ಹೇಳಬೇಕು. ಅರ್ಧ ಹೇಳಿ ಉಳಿದರ್ಧ ಆಮೇಲೆ ಬೇರೆಯವರಿಂದ ತಿಳಿದರೆ ಎರಡನೆಯ ಸಲ ಮುರಿದಂತೆ, ಅದು ಕೂಡಿದ್ದನ್ನು ನಾನು ನೋಡಿಲ್ಲ. ಎಷ್ಟು ದಿನ ಬೇಕು ಅಂತ ನಿರ್ಧರಿಸುವವರು ನೋವುಂಡವರು. ‘ಇನ್ನೂ ಎಷ್ಟು ದಿನ ಅದನ್ನೇ ಹಿಡ್ಕೊಂಡಿರ್ತೀಯ’ ಎಂದು ಕೇಳುವ ಹಕ್ಕು ನಮಗಿಲ್ಲ.

ನಾನು ಎದುರಿಗಿದ್ರೆ ಎಲ್ಲಾ ಸರಿ ನಡೀತದ. ನಾ ಇಲ್ಲದಾಗ ಹೆಂಗ?

ನಿಮ್ಮ ತಪ್ಪನ್ನು ಎತ್ತಿ ಹೇಳಿದವರಿಗೆ ಹಿಂದೆ ಏನಾಗಿತ್ತು ಎಂಬುದರ ಮೇಲೆ ಅದು ನಿಂತಿದೆ. ಕಾಯ್ದೆ, ಬೋರ್ಡು, ಮೀಟಿಂಗು ಎಲ್ಲ ಆಮೇಲಿನವು.

ಎರಡು ವರ್ಷದ ಹಿಂದೆ ನನಗೆ ಮೊಣಕಾಲಿನ ಆಪರೇಷನ್ ಆಗಿ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿದ್ದೆ. ಜೂನ್ ತಿಂಗಳು, ನೋಟ್‌ಬುಕ್ ಕೆಲಸದ ಭರಾಟೆ. ಹೊದಿಕೆಯ ಹಿಂಬದಿಯಲ್ಲಿ ಮಗ್ಗಿ ಹಾಕುತ್ತೇವೆ. ಅದರ ಪ್ರೂಫ್‌ಗೆ ಆಪರೇಷನ್ನಿನ ಹಿಂದಿನ ದಿನ ನಾನೇ ಸಹಿ ಮಾಡಿ ಹೋಗಿದ್ದೆ. ಮಧ್ಯಾಹ್ನ ಫೋನ್ ಬಂತು. ಬೈಂಡಿಂಗ್ ವಿಭಾಗದ ಅಕ್ಕ, ನಾಲ್ಕನೇ ಇಯತ್ತೆ ತನಕ ಓದಿದವರು.

‘ಅಣ್ಣಾರ, ಆರಾಮ ಅದೀರೇನ್ರಿ? ಒಂದ್ ಮಾತು ಕೇಳ್ಬೇಕಿತ್ತು. ಏಳೆಂಟ್ಲೆ ಐವತ್ತಾರಲ್ಲೇನ್ರಿ?’

‘ಹೌದಲ್ಲಬೇ, ಐವತ್ತಾರು.’

‘ನೀವು ಸಹಿ ಮಾಡಿದ್ರಾಗ ಐವತ್ನಾಕ್ ಐತ್ರಿ. ಮಷಿನ್ ನಿಲ್ಸೀವಿ.’

ಮಷಿನ್ ನಿಲ್ಲಿಸಲೇ ಅಂತ ಅವರು ಕೇಳಲಿಲ್ಲ. ನಿಲ್ಲಿಸಿ ಆಗಿತ್ತು. ಅಷ್ಟರಲ್ಲಿ 600 ಹೊದಿಕೆ ಅಚ್ಚಾಗಿದ್ದವು. ಅವನ್ನು ಕತ್ತರಿಸಿ ಕಟಿಂಗ್ ಮಷಿನ್ ಪಕ್ಕ ಕಟ್ಟು ಕಟ್ಟಿ ಇಟ್ಟಿದ್ದೇವೆ, ಖಾಲಿ ಬದಿಯಲ್ಲಿ ಈಗಲೂ ಪ್ರೂಫ್ ತೆಗೆಯುತ್ತೇವೆ.